ಕಿಟಕಿಯಿಂದ ಕೊಟ್ಟ ಮಗು

ಬ್ರಹ್ಮಾವರ
೧೬-೨-೧೯೬೧

ಮ್ಯಾನೇಜರರು, ಶ್ರೀ ಸೋಮಧಾರಾ ಮೋಟಾರ್ ಸರ್ವಿಸ್, ಕುಂದಾಪುರ, ಇವರಿಗೆ

ಮಾನ್ಯರೆ,

ದೂರು ಬರೆದು ನನಗೆ ಅಭ್ಯಾಸವಿಲ್ಲ. ಕ್ರಮದಲ್ಲಿ ತಪ್ಪಿದ್ದರೆ ಮನ್ನಿಸಿ. ವಿಷಯದಲ್ಲಿ ತಪ್ಪಿಲ್ಲ.

ಕಳೆದ ಭಾನುವಾರ, ೧೨ನೇ ತಾರೀಕು, ನಾನು, ನನ್ನ ತಾಯಿ ಕುಸುಮಾವತಿ ಮತ್ತು ನನ್ನ ಹತ್ತು ತಿಂಗಳ ಮಗಳು ವನಜ, ಬೈಂದೂರಿನ ಚಿಕ್ಕಮ್ಮನ ಹೊಸ ಮನೆಯ ಪ್ರವೇಶದ ಒಕ್ಕಲು ಮುಗಿಸಿ ಊರಿಗೆ ಹೊರಟೆವು. ಗಂಗೊಳ್ಳಿಯವರೆಗೆ ನಿಮ್ಮ ಬಸ್ಸು, ಹೊಳೆ ದಾಟಲು ಲಾಂಚು, ಕುಂದಾಪುರದ ದಡದಿಂದ ಮತ್ತೆ ನಿಮ್ಮದೇ ಬಸ್ಸು. ಮೂರಕ್ಕೂ ಸೇರಿ ಒಂದೇ ಟಿಕೆಟು. ಲಾಂಚಿನಲ್ಲಿ ಬಂದವರೆಲ್ಲ ಹತ್ತುವವರೆಗೆ ಈಚೆ ದಡದ ಬಸ್ಸು ಹೊರಡಬಾರದೆಂದು ಆ ಟಿಕೆಟಿನ ಬೆನ್ನ ಮೇಲೆ ನೀವೇ ಅಚ್ಚು ಹಾಕಿಸಿದ್ದೀರಿ.

ಲಾಂಚು ದಡ ಮುಟ್ಟಿದೊಡನೆ ಏನು ನಡೆಯುತ್ತದೆಂದು ನಿಮಗೆ ಗೊತ್ತು. ಗಂಡಸರು ಓಡಿಹೋಗಿ ಕಿಟಕಿಯಿಂದ ಹೆಗಲ ಮೇಲಿನ ಬೈರಾಸು ಎಸೆಯುತ್ತಾರೆ, ಕೊಡೆ ತೂರುತ್ತಾರೆ. ಬೈರಾಸು ಬಿದ್ದಲ್ಲಿ ಸೀಟು ಅವರದು. ಹೆಂಗಸರು ಮಕ್ಕಳನ್ನು ಕೊಡುತ್ತಾರೆ. ಮಗುವನ್ನು ಕೂರಿಸಿದ ಸೀಟಿನಿಂದ ಯಾರೂ ಯಾರನ್ನೂ ಎಬ್ಬಿಸುವುದಿಲ್ಲ. ನಿಮ್ಮ ಕಂಡಕ್ಟರ್ ಕಿಟ್ಟ ಬಸ್ಸಿನ ಮಾಡಿನ ಮೇಲೆ ಸಾಮಾನು ಕಟ್ಟುತ್ತಾ ನಿಂತಿದ್ದ. ನಾನು ಅನುಮಾನಿಸುವುದನ್ನು ಕಂಡು ಮೇಲಿನಿಂದಲೇ ಕೂಗಿದ: "ಹ್ವಾಯ್ ಅಮ್ಮಾ, ಮಗೀನ್ ಒಳಗೆ ಕೊಟ್ಟ್ ಬಿಡಿ! ಸೀಟ್ ನಿಮ್ದೇ. ಬಸ್ಸೆಲ್ಲಿಗೆ ಓಡಿ ಹೋತ್?"

ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಹೆಂಗಸಿನ ಕೈಗೆ ವನಜಳನ್ನು ಕೊಟ್ಟೆ. ತಾಯಿಗೆ ಮೊಣಕಾಲು ನೋವು, ಲಾಂಚಿನಿಂದ ಕೊನೆಗೆ ಇಳಿದರು. ಅವರ ಕೈ ಹಿಡಿದು ಕರೆತಂದು ನಾನು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದೆ. ಕಿಟ್ಟ ಸೀಟಿ ಊದಿದ. ಬಸ್ಸು ಹೊರಟುಹೋಯಿತು.

ಇಪ್ಪತ್ತೆರಡು ರೂಪಾಯಿ ಕೊಟ್ಟು ಕಾರು ಮಾಡಿ ಬಸ್ಸಿನ ಹಿಂದೆ ಬ್ರಹ್ಮಾವರದವರೆಗೆ ಹೋದೆವು. ಬಸ್ಸಿನಲ್ಲಿ ಮಗು ಇರಲಿಲ್ಲ. ಕೋಟೇಶ್ವರದಲ್ಲಿ ಮಗು ಅತ್ತಾಗ "ಯಾರ್ದ್ ಮಗು?" ಎಂದು ಕೇಳಿದ್ದಾರೆ, ಯಾರೂ ನನ್ನದು ಎನ್ನಲಿಲ್ಲ. ಬ್ರಹ್ಮಾವರದ ಆಫೀಸಿನಲ್ಲಿ ಬಿಡೋಣ ಎಂದನಂತೆ ಕಿಟ್ಟ. ಆ ಹೆಂಗಸು, ಕೋಡಿಯ ಬಾಗಿ, ಮೀನು ಮಾರುವವಳು, "ಗಂಡ್ಸ್ರ ಕೈಯಾಗೆ ಶಿಶೀನ ಬಿಡುಕಾತ್ತಾ? ತಾಯಿ ಹಿಂದಿಂದ ಬತ್ತ್" ಎಂದು ಮಗುವಿನೊಡನೆ ಅಲ್ಲೇ ಇಳಿದು ರಸ್ತೆಯ ಬದಿಯಲ್ಲಿ ಕೂತಳು. ನಮ್ಮ ಕಾರು ಅವಳ ಎದುರಿನಿಂದಲೇ ಹಾದುಹೋಯಿತು. ಅವಳು ಕೈ ಬೀಸಿದಳಂತೆ. ನಾವು ನೋಡುತ್ತಿದ್ದುದು ಮುಂದೆ ಹೋಗುತ್ತಿದ್ದ ಬಸ್ಸನ್ನು.

ಕತ್ತಲಾಯಿತೆಂದು ಬಾಗಿ ಮನೆಗೆ ಹೋಗಿದ್ದಳು; ಕೇಳುತ್ತಾ ಹೋದಾಗ ಕೋಡಿಯ ಅವಳ ಮನೆಯಲ್ಲಿ ಮಗು ಸಿಕ್ಕಿತು. ಮಗು ನನ್ನ ಕೈಯಲ್ಲಿಲ್ಲದ್ದು ನಾಲ್ಕು ಗಂಟೆ, ಹತ್ತು ನಿಮಿಷ.

ನನ್ನ ಬೇಡಿಕೆ ಎರಡು. ಕಾರಿನ ಹಣ. ಮತ್ತು, ಇದು ಮುಖ್ಯ, "ತಪ್ಪು ನಮ್ಮ ಕಂಡಕ್ಟರನದು, ತಾಯಿಯದಲ್ಲ" ಎಂದು ಕಂಪೆನಿಯ ಕಾಗದದ ಮೇಲೆ, ಮೊಹರು ಹಾಕಿ, ಒಂದು ಪತ್ರ. ಉತ್ತರವನ್ನು ಮನೆಗೆ ಕಳಿಸಬೇಡಿ. ಕುಮಾರಿ ಪುಷ್ಪ, ಅಧ್ಯಾಪಿಕೆ, ಹೈಸ್ಕೂಲು, ಬ್ರಹ್ಮಾವರ, ಈ ವಿಳಾಸಕ್ಕೆ ಬರೆಯಿರಿ. ಅವಳು ನನ್ನ ಗೆಳತಿ.

ಪ್ರಭಾವತಿ, ಬಿ.ಎ.


ಕುಂದಾಪುರ
೨೭-೨-೧೯೬೧

ಶ್ರೀಮತಿ ಪ್ರಭಾವತಿಯವರಿಗೆ,

ತಮ್ಮ ಪತ್ರ ತಲುಪಿತು. ವಿಚಾರಣೆ ಮಾಡಲಾಯಿತು.

೧. ಟಿಕೆಟು ಎರಡು. ಪ್ರಯಾಣಿಕರು ಇಬ್ಬರು. ಮೂರನೆಯವರಿಗೆ ಟಿಕೆಟು ಇಲ್ಲದ್ದರಿಂದ ಅವರು ಕಂಪೆನಿಯ ಪ್ರಯಾಣಿಕರಲ್ಲ. ಸಾಮಾನು ಎನ್ನುವುದಾದರೆ ಬುಕ್ ಮಾಡಿಸಿಲ್ಲ.

೨. ಬೇರೆ ಪ್ರಯಾಣಿಕರ ಕೈಗೆ ಕೊಟ್ಟ ವಸ್ತುವಿಗೆ ಕಂಪೆನಿ ಹೊಣೆಯಲ್ಲ.

೩. ಕಿಟ್ಟ ನಮ್ಮಲ್ಲಿ ಒಂಬತ್ತು ವರ್ಷದಿಂದ ಇರುವವನು. ಅವನ ಮೇಲೆ ಇದುವರೆಗೆ ಬಂದ ದೂರು ಒಂದೇ, ಅದೂ ಹಾಡು ಗುನುಗುತ್ತಾನೆಂದು.

ಇಂಥ ವ್ಯವಹಾರವನ್ನು ತಮ್ಮ ಮನೆಯ ಯಜಮಾನರ ಮುಖಾಂತರ ಬರೆಯುವುದು ಪದ್ಧತಿ. ಹೈಸ್ಕೂಲಿನ ಮುಖಾಂತರವಲ್ಲ. ಮಗು ಕ್ಷೇಮವಾಗಿ ಸಿಕ್ಕಿರುವುದರಿಂದ ಸಂತೋಷ.

ಗುಣಪಾಲ ಬಲ್ಲಾಳ
ಮ್ಯಾನೇಜರ್


ಬ್ರಹ್ಮಾವರ
೩-೩-೧೯೬೧

ಮ್ಯಾನೇಜರರೆ,

ವಸ್ತು! ಹತ್ತು ತಿಂಗಳ ಕೂಸು ವಸ್ತುವೆ? ಬುಕ್ ಮಾಡಿಸಬೇಕಿತ್ತೆ? ಮಾಡಿನ ಮೇಲೆ ತೆಂಗಿನಕಾಯಿ ಮೂಟೆಯ ಜತೆ ಕಟ್ಟಿಸಬೇಕಿತ್ತೆ?

ಯಜಮಾನರ ಮುಖಾಂತರ ಬರೆಯಬೇಕೆನ್ನುತ್ತೀರಿ. ಯಾಕೆ ಬರೆಯಲಾರೆ ಎಂದು ಹೇಳುತ್ತೇನೆ. ಹೇಳುವ ಇಷ್ಟವಿಲ್ಲ, ಆದರೂ ನಿಮಗೆ ಅರ್ಥವಾಗಬೇಕಲ್ಲ.

ನಮ್ಮಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು. ಮನೆಯ ಮಾತೆಲ್ಲ ಸೋದರಮಾವನದು. ನಮ್ಮ ಮಂಜಯ್ಯ ಮಾವನಿಗೆ ನಾನೊಬ್ಬಳೇ ಸೋದರಸೊಸೆ. ಆಮೇಲೆ ಹೆಣ್ಣೆಂದು ಈ ಮನೆಯಲ್ಲಿ ಹುಟ್ಟಿದ್ದು ವನಜ ಒಬ್ಬಳೇ. ನನ್ನ ಯಜಮಾನರು ಉಮಾನಾಥರು ಬೊಂಬಾಯಿಯಲ್ಲಿ ಹೋಟೆಲು ನಡೆಸುತ್ತಾರೆ. ದಾದರಿನಲ್ಲಿ ಕೊನೆಗೂ ಎರಡು ಕೋಣೆ ಸಿಕ್ಕಿದೆ. ಮೇ ತಿಂಗಳ ಹದಿನೈದಕ್ಕೆ ಬಂದು ನನ್ನನ್ನೂ ಮಗುವನ್ನೂ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಮಾವ ಒಪ್ಪಿದ್ದರು.

ಈಗ ಅಮ್ಮ ಪಟ್ಟು ಹಿಡಿದಿದ್ದಾಳೆ. ಬಸ್ಸು ಹೋದ ಆ ಕ್ಷಣದಲ್ಲಿ, ದಡದ ಮೇಲಿದ್ದವರೆಲ್ಲರ ಎದುರಿಗೆ, ಅವಳ ಬಾಯಿಂದ ಬಂದ ಮೊದಲ ಮಾತು: "ಮಗೀನ್ ಎಲ್ಲಿ ಬಿಸಾಡ್ದೆ ಹೆಣ್ಣೆ?" ಅಂದಿನಿಂದ ಅದೇ ಮಾತು. ಮಗು ರಾತ್ರಿ ಅವಳ ಚಾಪೆಯಲ್ಲಿ ಮಲಗುತ್ತದೆ. ಹಾಲು ಕುಡಿಸಲು ನನ್ನನ್ನು ಕರೆಯುತ್ತಾರೆ, ಕುಡಿಸಿದ ಮೇಲೆ ಎತ್ತಿಕೊಂಡು ಹೋಗುತ್ತಾರೆ. "ಹೊಳೆ ದಾಟುವಷ್ಟ್ರಗೆ ಮಗೀನ್ ಕಳ್ಕಂಡ್ಳ್, ಬೊಂಬಾಯಿ ದಾಟ್ಸ್ತಾಳಾ ಇವ್ಳ್? ಅಲ್ಲಿ ಟ್ರಾಮಂಬ್ರ್, ರೈಲಂಬ್ರ್. ಅವ್ಳ್ ಹೋಯ್ಲಿ. ಮನಿ ಹೆಣ್ ಮನ್ಯಾಗೇ ಇರ್ಲಿ" ಎಂದು ಮಾವನ ಎದುರು ಹೇಳಿದ್ದಾಳೆ. ಮಾವ ಇನ್ನೂ ತೀರ್ಪು ಕೊಟ್ಟಿಲ್ಲ. ಮಾವ ಕಾಗದವನ್ನು ನಂಬುವವರು. ಪಟ್ಟೆ, ಚೀಟಿ, ಮೊಹರು; ಬಾಯಿ ಮಾತಿಗೆ ಅವರಲ್ಲಿ ಬೆಲೆ ಕಡಿಮೆ. ಆದ್ದರಿಂದಲೇ ನಿಮ್ಮ ಕಾಗದ ಬೇಕು. ಮೇ ಹದಿನೈದರ ಒಳಗೆ ಬೇಕು.

ಕಾರಿನ ಹಣ ಬೇಕಾದರೆ ನೀವೇ ಇಟ್ಟುಕೊಳ್ಳಿ.

ಪ್ರಭಾವತಿ


ಕುಂದಾಪುರ
೨೦-೩-೧೯೬೧

ಶ್ರೀಮತಿಯವರೆ,

ಉತ್ತರ ತಡವಾಯಿತು. ಲಾಂಚಿನ ಇಂಜಿನು ಕೆಟ್ಟು ಒಂದು ವಾರ ದಡದ ಮೇಲೆಯೇ ಇದ್ದೆ. ಅಲ್ಲಿ ನಿಂತು ತಮ್ಮ ಪತ್ರವನ್ನು ಎರಡು ಸಲ ಓದಿದೆ. ಮನೆಯ ಜಗಳಕ್ಕೆ ಕಂಪೆನಿಯ ಮೊಹರು ಕೇಳುವುದನ್ನು ನನ್ನ ಸರ್ವೀಸಿನಲ್ಲಿ ಇದೇ ಮೊದಲು ಕಂಡದ್ದು.

ಧಣಿಗಳು ಉದಾರಿಗಳು. ತಮಗೆ ಹದಿನೈದು ರೂಪಾಯಿಯನ್ನೂ ಒಂದು ವರ್ಷ ಬ್ರಹ್ಮಾವರದಿಂದ ಬೈಂದೂರಿನವರೆಗೆ ಪುಕ್ಕಟೆ ಪಾಸನ್ನೂ ಕೊಡಲು ಒಪ್ಪಿದ್ದಾರೆ. ತಾವು "ಇನ್ನು ಯಾವ ತಕರಾರೂ ಇಲ್ಲ" ಎಂದು ರಶೀದಿಗೆ ಸಹಿ ಮಾಡಿದರಾಯಿತು. ತಪ್ಪೊಪ್ಪಿಗೆ ಪತ್ರ ಸಾಧ್ಯವಿಲ್ಲ.

ಯಾಕೆ ಸಾಧ್ಯವಿಲ್ಲ ಎಂಬುದಕ್ಕೆ ಕಿಟ್ಟನ ಹೇಳಿಕೆಯ ಎರಡು ಸಾಲು ಕೆಳಗೆ ಬರೆದಿದ್ದೇನೆ. ಅವನ ಮಾತಿನಲ್ಲಿಯೇ:

"ಸೀಟಿ ಊದುವತಿಗೆ ಮೆಟ್ಲ್ ಹತ್ರ ಯಾವ್ ಹೆಂಗ್ಸೂ ಇರ್ಲಿಲ್ಲೆ. ದಡದ ಬದಿಗೆ ಬೋರಲ್ ಹಾಕಿದ್ ದೋಣಿ ಮೇಲೆ ಒಂದ್ ಅಮ್ಮ ಕೂಕಂಡಿದ್ರ್. ಕಣ್ಣ್ ಮುಚ್ಚಿತ್ತ್."

ಬಿ.ಎ. ಓದಿದವರು. ಇದಕ್ಕೆ ತಮ್ಮ ಉತ್ತರವೇನು?

ಗುಣಪಾಲ ಬಲ್ಲಾಳ


ಬ್ರಹ್ಮಾವರ
೨೨-೩-೧೯೬೧

ಮ್ಯಾನೇಜರರೆ,

ಸುಳ್ಳು.

ಕಿಟ್ಟ ಮಾಡಿನ ಮೇಲಿದ್ದವನು. ಲಾಂಚಿನಿಂದ ನಲವತ್ತು ಜನ ಇಳಿದಿದ್ದರು. ಯಾರು ಎಲ್ಲಿ ಕೂತರು, ಯಾರ ಕಣ್ಣು ಮುಚ್ಚಿತ್ತು, ಇದೆಲ್ಲ ಕಾಣುತ್ತದೆ. ಕೈಯಿಂದ ಕೂಸು ಕೊಟ್ಟವಳ ಮುಖ ಮಾತ್ರ ಕಾಣುವುದಿಲ್ಲ, ಅಲ್ಲವೆ? ಸಂಜೆ ಐದರ ಹೊತ್ತಿಗೆ ಕಂಡಕ್ಟರನ ಕಣ್ಣು ಯಾಕೆ ಹಾಗಾಗುತ್ತದೆ, ಅವನ ಬಾಯಿಯಿಂದ ಯಾವ ವಾಸನೆ ಬರುತ್ತಿತ್ತು ಎಂದು ಪಾನನಿರೋಧದ ಇನ್ಸ್‌ಪೆಕ್ಟರರು ಕೇಳಿದರೆ ನಾನು ಉತ್ತರ ಕೊಡಬೇಕಾಗುತ್ತದೆ. ಆರ್.ಟಿ.ಒ. ಅವರಿಗೂ ಬರೆಯುತ್ತೇನೆ. ಪತ್ರಿಕೆಗೂ ಬರೆಯುತ್ತೇನೆ. ಬರೆಯಲು ನನಗೆ ಬರುತ್ತದೆ, ಅದನ್ನು ನೀವು ನೋಡಿದ್ದೀರಿ.

ನಿಮ್ಮ ಪಾಸು ನಿಮಗೇ ಇರಲಿ. ಬೈಂದೂರಿಗೆ ಹೋಗಿಬಂದದ್ದು ಸಾಕಾಗಿದೆ.

ಬೊಂಬಾಯಿಯಿಂದ ನನ್ನ ಯಜಮಾನರ ಕಾಗದ ಬಂದಿದೆ. "ಸ್ವಲ್ಪ ದಿನ ಮಗು ಅಲ್ಲೇ ಇದ್ದರೆ ಏನು?" ಎಂದು ಕೇಳಿದ್ದಾರೆ. ಅಮ್ಮ ಅವರಿಗೂ ಯಾರಿಂದಲೋ ಬರೆಸಿದ್ದಾಳೆ. ಸ್ವಲ್ಪ ದಿನ ಎಂದರೆ ಎಷ್ಟೆಂದು ನಮ್ಮ ಕಡೆಯ ಹೆಂಗಸರಿಗೆ ಗೊತ್ತು. ಬೊಂಬಾಯಿಗೆ ಹೋದವಳು ಮೂರು ವರ್ಷಕ್ಕೊಮ್ಮೆ ಬರುತ್ತಾಳೆ, ಮಗು ಬಾಗಿಲ ಹಿಂದೆ ನಿಂತು "ಅದ್ ಯಾರ್?" ಎಂದು ಅಜ್ಜಿಯನ್ನು ಕೇಳುತ್ತದೆ.

ಮಗು ಹುಟ್ಟಿದ ಮೇಲೆ ಒಂದು ದಿನ ನಾನು ಎರಡು ಗಂಟೆ ಒಟ್ಟಿಗೆ ನಿದ್ದೆ ಮಾಡಿದವಳಲ್ಲ. ಅದಕ್ಕೆ ಹೊಟ್ಟೆ ನೋವು, ಆಮೇಲೆ ಹಲ್ಲು, ಆಮೇಲೆ ಸುಮ್ಮನೆ. ಈಗ ಮಗು ಅಮ್ಮನ ಚಾಪೆಯಲ್ಲಿದೆ, ನನ್ನ ಪಕ್ಕ ಖಾಲಿ, ಎಷ್ಟು ಬೇಕಾದರೂ ಮಲಗಬಹುದು. ನಿದ್ದೆ ಬರುವುದಿಲ್ಲ. ಗೋಡೆಯ ಆಚೆ ಅದು ಕೆಮ್ಮಿದರೆ ನನಗೆ ಹಾಲು ಸೋರುತ್ತದೆ. ಇದನ್ನು ಪರಪುರುಷರಿಗೆ ಬರೆಯಬಾರದು. ಬರೆದಿದ್ದೇನೆ. ಕಂಪೆನಿಯ ಫೈಲಿನಲ್ಲಿ ಅದೂ ಇರಲಿ.

ಪ್ರಭಾವತಿ


ಕುಂದಾಪುರ
೮-೪-೧೯೬೧

ಶ್ರೀಮತಿಯವರೆ,

ಕುಡಿತದ ಮಾತು ತಾವು ಬರೆದದ್ದರಿಂದ ವಿಷಯ ಧಣಿಗಳವರೆಗೆ ಹೋಯಿತು. ಪರ್ಮಿಟ್ಟಿನ ಪ್ರಶ್ನೆ ಬಂದಾಗ ಧಣಿಗಳು ಯಾರ ಮುಖವನ್ನೂ ನೋಡುವುದಿಲ್ಲ. ಕಿಟ್ಟನನ್ನು ಎರಡನೇ ತಾರೀಕಿನಿಂದ ಕೆಲಸದಿಂದ ನಿಲ್ಲಿಸಿದ್ದೇವೆ. ಅವನು ಕುಡಿಯುವವನಲ್ಲ ಎಂದು ನಾನು ಹೇಳಿದೆ. "ಹಾಗಾದ್ರೆ ಆ ಹೆಂಗ್ಸ್ ಸುಳ್ಳ್ ಹೇಳ್ತಾ?" ಎಂದು ಕೇಳಿದರು.

ಈಗ ಧಣಿಗಳ ನಿರ್ಣಯ ಹೀಗಿದೆ: ತಮಗೆ ಬೇಕಾದ ಪತ್ರವನ್ನು ಬೇಕಾದ ಮಾತುಗಳಲ್ಲಿಯೇ ಮೊಹರು ಹಾಕಿ ಕೊಡಲಾಗುವುದು. ತಪ್ಪು ಕಂಡಕ್ಟರನದೆಂದು ಕಾಗದದ ಮೇಲೆ ಬರೆದ ಮೇಲೆ ಅವನನ್ನು ಇಟ್ಟುಕೊಳ್ಳಲಾಗದು, ವಜಾ ಮಾಡಲಾಗುವುದು. ಮನೆಯಲ್ಲಿ ನಾಲ್ಕು ಮಕ್ಕಳಿವೆ, ಹೆಂಡತಿ ಪದ್ದು ಬಸುರಿ. ಇದು ಕಂಪೆನಿಗೆ ಸಂಬಂಧವಿಲ್ಲದ ವಿಷಯ, ತಮಗೂ ಇಲ್ಲ.

ಅಳಿಯಸಂತಾನದ ಮನೆಯ ಮಗುವಿನ ವಿಷಯದಲ್ಲಿ ಒಪ್ಪಂದವೆಂದರೆ ಯಜಮಾನರ ಸಹಿ ಇಲ್ಲದೆ ನಡೆಯದು ಎಂದು ನಮ್ಮ ವಕೀಲರ ಅಭಿಪ್ರಾಯ. ಆದ್ದರಿಂದ ಈ ಪತ್ರದ ಒಂದು ಪ್ರತಿಯನ್ನು ಶ್ರೀ ಮಂಜಯ್ಯ ಶೆಟ್ಟರಿಗೆ ಇಂದೇ ಕಳಿಸಿದ್ದೇನೆ.

ಗುಣಪಾಲ ಬಲ್ಲಾಳ


ಬ್ರಹ್ಮಾವರ
೧೧-೪-೧೯೬೧

ಗುಣಪಾಲ ಬಲ್ಲಾಳರೆ,

ಕಳಿಸಬೇಡಿ ಎಂದು ಬರೆದಿದ್ದೆ. ಕಳಿಸಿದಿರಿ.

ಮಾವ ನಿಮ್ಮ ಕಾಗದವನ್ನು ಚಾವಡಿಯಲ್ಲಿ ಕೂತು ಗಟ್ಟಿಯಾಗಿ ಓದಿದರು. ಅಮ್ಮ ಕಂಬಕ್ಕೆ ಒರಗಿ ನಿಂತು ಕೇಳಿದಳು. ನನ್ನ ಮೇಲೆ ಹಾರಿ ಬೀಳುತ್ತಾಳೆಂದುಕೊಂಡಿದ್ದೆ. ಹಾಗಾಗಲಿಲ್ಲ. "ಆ ಕಂಡಕ್ಟ್ರಿಗೆ ಎಷ್ಟ್ ಮಕ್ಳಂದ್ರಿ?" ಎಂದು ಮಾವನನ್ನು ಕೇಳಿ ಒಳಗೆ ಹೋದಳು. ಇವತ್ತು ಬೆಳಿಗ್ಗೆ ಯಾರಿಗೂ ಹೇಳದೆ ಸೀರೆ ಉಟ್ಟು ಬಸ್ಸಿಗೆ ಹೋಗಿದ್ದಾಳೆ. ನನ್ನ ವಿರುದ್ಧ ಚಿಕ್ಕಮ್ಮನನ್ನೂ ಎತ್ತಿಕಟ್ಟಲು ಬೈಂದೂರಿಗೇ ಹೋಗಿರಬೇಕು. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಮಗು ಇಡೀ ದಿನ ನನ್ನ ಹತ್ತಿರ ಇದೆ, ಅದರಿಂದ ಇಷ್ಟು ಬರೆಯಲು ಸಾಧ್ಯವಾಯಿತು. ಮಡಿಲಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದು ಲೇಖನಿ ಎಳೆಯುತ್ತಿದೆ.

ಈಗ ಹೇಳುತ್ತೇನೆ. ನಿಮ್ಮ ಮೇಲಿನ ಪ್ರೀತಿಯಿಂದಲ್ಲ.

ಕಿಟ್ಟನ ಬಾಯಿಯಿಂದ ಯಾವ ವಾಸನೆಯೂ ಬರುತ್ತಿರಲಿಲ್ಲ. ಅವನು ಮಾಡಿನ ಮೇಲಿದ್ದ, ನಾನು ಕೆಳಗಿದ್ದೆ. ಮೆಟ್ಟಿಲ ಮೇಲೆ ನಾನು ಕಾಲಿಟ್ಟಿರಲಿಲ್ಲ. ಅಮ್ಮನ ಕೈ ಹಿಡಿಯಲು ಹೋಗಲೂ ಇಲ್ಲ. ಮಗುವನ್ನು ಕೊಟ್ಟು ತಿರುಗಿದಾಗ ಕೈ ಎರಡೂ ಖಾಲಿಯಾಗಿ ತೇಲಿಹೋದ ಹಾಗಾಯಿತು. ಅಮ್ಮ ಬರುವವರೆಗೆ ಎಂದು, ಹೆಗಲ ಬಟ್ಟೆಗಂಟನ್ನು ಮಡಿಲಿಗಿಳಿಸಿ ಆ ದೋಣಿಯ ಮೇಲೆ ಕೂತೆ. ಗಾಳಿ ಇತ್ತು. ಎಷ್ಟು ಹಗುರವಾಗಿತ್ತೆಂದರೆ, ಯಾರಾದರೂ ಈ ಮಗುವನ್ನು ಹೀಗೇ ಸ್ವಲ್ಪ ಹೊತ್ತು ಹಿಡಿದುಕೊಂಡಿರಲಿ ಎಂದು ನಾನು ಬಯಸಿದ್ದು ನಿಜ. ಅದಾದ ಮೇಲೆ ನನಗೆ ಗೊತ್ತಿರುವುದು ಖಾಲಿ ರಸ್ತೆ, ಪೆಟ್ರೋಲಿನ ಹೊಗೆ.

ಅಮ್ಮ ಮಾವನಿಗೆ ಹೇಳಿದ್ದು ಅದನ್ನೇ: "ಮಗೀನ್ ಕಂಡವ್ರಿಗೆ ಕೊಟ್ಟ್ ಕೂಕಂಡ್ ಒರ್ಗಿತ್." ಅವಳು ಹೇಳಿದ್ದು ನಿಜ, ನಾನು ನಿದ್ದೆಹೋದೆ. ನಿಜಕ್ಕಿಂತ ದೊಡ್ಡ ಮೊಹರು ಬೇಕಾಗಿತ್ತು ನನಗೆ, ನಿಮ್ಮನ್ನು ಕೇಳಿದೆ.

ಆ ಪತ್ರ ಬೇಡ. ಕಿಟ್ಟನನ್ನು ವಾಪಸು ತೆಗೆದುಕೊಳ್ಳಿ. ಆದರೆ ನೀವೂ ಶುದ್ಧರಲ್ಲ. "ಮಗೀನ್ ಕೊಟ್ಟ್ ಬಿಡಿ" ಎಂದು ಕೂಗಿದ್ದು ಅವನೇ. ಲಾಂಚಿನವರನ್ನು ಲೆಕ್ಕ ಮಾಡದೆ ಸೀಟಿ ಊದಿದ್ದೂ ಅವನೇ. ಕೂತವಳು ಕಣ್ಣಿಗೆ ಬಿದ್ದ ಮೇಲೆ ಒಂದು ಮಾತು ಕೂಗಿ ಎಬ್ಬಿಸಿದ್ದರೆ ಅವನ ಗಂಟಲು ಹರಿಯುತ್ತಿತ್ತೆ?

ಪ್ರಭಾವತಿ


ಕುಂದಾಪುರ
೧೪-೪-೧೯೬೧

ಶ್ರೀಮತಿಯವರೆ,

ತಮ್ಮ ೧೧ರ ಪತ್ರ ನಮಗೆ ಬಹಳ ಉಪಯುಕ್ತವಾಗಿದೆ. ಫೈಲಿಗೆ ಸೇರಿಸಿದ್ದೇನೆ.

ಅದು ಬರುವ ಮುಂಚೆಯೇ, ಅಂದರೆ ೧೧ನೇ ತಾರೀಕಿಗೇ, ತಮ್ಮ ತಾಯಿ ಶ್ರೀಮತಿ ಕುಸುಮಾವತಿಯವರು ಖುದ್ದಾಗಿ ನಮ್ಮ ಆಫೀಸಿಗೆ ಬಂದಿದ್ದರು. ಕೂರಿ ಎಂದರೆ ಕೂರಲಿಲ್ಲ. ನಾನು ಬೇರೊಬ್ಬರ ಜತೆ ಮಾತನಾಡುತ್ತಿದ್ದೆ. ಕೊಡೆಯ ತುದಿಯಿಂದ ಮೇಜನ್ನು ಕುಟ್ಟಿದರು. "ಹ್ವಾಯ್, ಆ ಹುಡ್ಗನ್ನ ಎಂತಕೆ ಮನಿಗ್ ಕಳ್ಸಿದ್ರಿ? ಬಸ್ ಕಳ್ಸಿದ್ದ್ ನಾನ್" ಎಂದರು. ಅವರು ಹೇಳಿದ್ದನ್ನು ಗುಮಾಸ್ತ ದೇವು ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾನೆ. ನಕಲು ಹೀಗಿದೆ:

"ನಾನ್ ಲಾಂಚಿಂದ ಕಡಿಗ್ ಇಳ್ದದ್ದ್. ದೋಣಿ ಮೇಲೆ ಮಗ್ಳ್ ಕೂಕಂಡ್ ಒರ್ಗಿತ್ತ್. ಮಡ್ಲಗೆ ಮಗೀನ ಶಾಲ್ ಸುತ್ತಿದ್ ಗಂಟ್ ಇತ್ತ್, ಸೆರ್ಗ್ ಹೊದ್ಸಿತ್ತ್. ನಾ ಅದ್ ಮಗು ಅಂದ್ಕಂಡೆ. ತಾಯಿ-ಮಗು ಇಬ್ರೂ ಒರ್ಗಿದ್ದ್ ಕಂಡ್ ಎಷ್ಟ್ ದಿನ ಆಯ್ತ್! ಕಂಡಕ್ಟ್ರ್ ಬಂದ್ 'ಅಮ್ಮಾ ಹತ್ತಿ, ಬಸ್ ಹೊರ್ಡ್ತ್' ಅಂದ. ಅವ್ಳನ್ನ ಏಳ್ಸುಕೆ ಹೊರ್ಟ. ನಾ ಅವ್ನ ಕೈ ಹಿಡ್ದೆ. 'ಏಳ್ಸ್‌ಬೇಡ ಮಾರಾಯ, ನೀ ಹೋಗ್, ನಾವ್ ಆರ್ ಗಂಟಿ ಬಸ್ಸಿಗ್ ಬತ್ತ್' ಅಂದೆ. ನನ್ನ ಮಾತ್ ಕೇಂಡ್ ಅವ ಸೀಟಿ ಊದಿದ್ದ್."

ಕಿಟ್ಟನು ಮೊದಲ ದಿನವೇ "ಒಂದ್ ಅಜ್ಜಿ ಹೋಗ್ ಅಂದ್ರ್" ಎಂದಿದ್ದ. ಲಾಂಚಿನವರನ್ನು ಬಿಟ್ಟು ಹೊರಟದ್ದು ಹೇಗಿದ್ದರೂ ನಿಯಮದ ವಿರುದ್ಧ, ಸುಳ್ಳು ನೆಪ ಎಂದು ನಾವು ಆ ಸಾಲನ್ನು ಬಿಟ್ಟುಬಿಟ್ಟಿದ್ದೆವು.

ಹೀಗೆ ಒಬ್ಬರು ನಿದ್ದೆ ಮಾಡಿದ್ದಾರೆ, ಇನ್ನೊಬ್ಬರು ಬಸ್ಸನ್ನು ಕಳಿಸಿದ್ದಾರೆ. ಕಂಪೆನಿ ಸಂಪೂರ್ಣ ನಿರ್ದೋಷಿ. ಹೆಬ್ಬೆಟ್ಟಿನ ಒಂದು ಪ್ರತಿ ಇದರೊಂದಿಗಿದೆ, ಹೈಸ್ಕೂಲಿನ ವಿಳಾಸಕ್ಕೇ ಕಳಿಸಿದ್ದೇನೆ. ಅದರೊಟ್ಟಿಗೆ ತಕರಾರಿಲ್ಲದ ರಶೀದಿಯನ್ನೂ ಇಟ್ಟಿದ್ದೇನೆ. ಸಹಿ ಮಾಡಿ ಕಳಿಸಿ ಈ ವ್ಯವಹಾರವನ್ನು ಮುಗಿಸಬೇಕು. ಹಣದ ಮಾತು ಇನ್ನಿಲ್ಲ. ಕಿಟ್ಟನ ವಿಷಯವನ್ನು ಧಣಿಗಳು ಸಾವಕಾಶವಾಗಿ ಯೋಚಿಸುತ್ತಾರೆ.

ಗುಣಪಾಲ ಬಲ್ಲಾಳ


ಬ್ರಹ್ಮಾವರ
೧೭-೫-೧೯೬೧

ಬಲ್ಲಾಳರೆ,

ಸಾವಕಾಶ ಎಂದಿರಿ. ಒಂದು ತಿಂಗಳಾಯಿತು. ನಿನ್ನೆ ಕಿಟ್ಟನನ್ನು ಬ್ರಹ್ಮಾವರದ ಪೇಟೆಯಲ್ಲಿ ಕಂಡೆ, ಯಾರದೋ ಅಂಗಡಿಗೆ ಅಕ್ಕಿ ಮುಡಿ ಹೊರುತ್ತಿದ್ದ. ನನ್ನನ್ನು ಗುರುತಿಸಲಿಲ್ಲ. ನನ್ನ ಮುಖವನ್ನು ಅವನು ಸರಿಯಾಗಿ ನೋಡಿಯೇ ಇರಲಿಲ್ಲ. ಅವನಿಗೆ ಹೇಳಬೇಕಾದದ್ದನ್ನು ನಿಮಗೆ ಹೇಳುತ್ತಿದ್ದೇನೆ.

ನೀವು ಕಂಪೆನಿ ನಿರ್ದೋಷಿ ಎಂದು ತೋರಿಸಲು ಕಳಿಸಿದ ಹೆಬ್ಬೆಟ್ಟಿನ ಕಾಗದ ನನ್ನ ಕೈಗೆ ಬಂದಾಗ ನನಗೆ ಏನು ಸಿಕ್ಕಿತೆಂದು ನಿಮಗೆ ತಿಳಿದಿರಲಾರದು. ಫೆಬ್ರವರಿಯಿಂದ ನಾನು ಹುಡುಕುತ್ತಿದ್ದ ಕಾಗದ ಅದೇ. ಮಾವನ ಮುಂದೆ ಅದನ್ನಿಟ್ಟಿದ್ದರೆ ಮುಗಿಯುತ್ತಿತ್ತು. ನನಗೆ ತಲೆ ಕೆಟ್ಟ ಹಾಗೆ ಸಿಟ್ಟು ಬಂದಿತ್ತು. ಬಸ್ಸನ್ನು ಕಳಿಸಿದವಳು ತಾನು, ದಡದ ಮೇಲೆ ನಿಂತು ನನ್ನನ್ನು ಬೈದವಳೂ ತಾನು. ಎರಡು ತಿಂಗಳು ಮಗುವನ್ನು ನನ್ನ ಮಡಿಲಿನಿಂದ ಎತ್ತಿಕೊಂಡು ಹೋದವಳು!

ಮೊದಲು ಅವಳಿಗೇ ಓದಿ ಹೇಳಿದೆ. ಒಲೆಯ ಮುಂದೆ ಕೂತಿದ್ದಳು. ಅವಳ ಮಾತನ್ನೇ ಅವಳಿಗೆ ಒಂದೊಂದಾಗಿ ಓದಿದೆ. "ತಾಯಿ-ಮಗು ಇಬ್ರೂ ಒರ್ಗಿದ್ದ್ ಕಂಡ್ ಎಷ್ಟ್ ದಿನ ಆಯ್ತ್" ಎಂಬಲ್ಲಿಗೆ ಬಂದೆ. ಅವಳೇ ಹೇಳಿದಳು:

"ಮುಂದೆ ಓದ್ಬೇಡ. ನಂಗ್ ಗೊತ್ತಿತ್ತ್."

"ಗೊತ್ತಿದ್ರೆ ಮಾವನತ್ರ ಎಂತಕೆ ಹೇಳ್ಲಿಲ್ಲೆ?"

"ಹ್ಯಾಂಗ್ ಹೇಳುದ್? ಮಗು ಸಿಕ್ಕದೆ ಹೋಯಿದ್ರೆ ಕೊಂದವ್ಳ್ ನಾನಾತಿದ್ದೆ. ನಿನ್ ತಲೆ ಮೇಲ್ ಹಾಕಿದ್ರೆ ನೀ ತಡ್ಕಂತೆ ಅಂದ್ಕಂಡೆ. ಓದಿದವ್ಳಲ್ದಾ." ಒಲೆಗೆ ಸೌದೆ ನೂಕಿದಳು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದಳು: "ಕಾಲ್ ಗಂಟಿ ಒರ್ಗುಕೆ ಬಿಟ್ಟೆ ನಿನ್ನ. ಅದ್ಕೆ ಎರಡ್ ತಿಂಗ್ಳ್ ಏಳ್ಸಿ ಕೂರ್ಸಿದೆ."

ಅವಳು ಕ್ಷಮೆ ಕೇಳಲಿಲ್ಲ, ನಾನು ಕೊಡಲೂ ಇಲ್ಲ. ಇವತ್ತಿಗೂ ನಮ್ಮಿಬ್ಬರ ನಡುವೆ ಉಪ್ಪು, ನೀರು, ಮಗುವಿನ ಬಟ್ಟೆ, ಇಷ್ಟೇ ಮಾತು.

ನನ್ನ ಯಜಮಾನರು ಮೊನ್ನೆ ಬಂದರು. ಅವರಿಗೆ ನಾನೇ ಹೇಳಿದೆ, ದೋಣಿಯ ಮೇಲೆ ಕೂತದ್ದು, ಒರಗಿದ್ದು, ಕಿಟ್ಟನ ಮೇಲೆ ಹೊರಿಸಿದ್ದು. "ಬೊಂಬಾಯಾಗ್ ಮೇಲಿನ ಕೋಣಿಯೆ ನಿಂಗೆ. ಗದ್ಲ ಇಲ್ಲೆ. ಒರ್ಗುಕಾತ್ತ್" ಎಂದರು. ಅದು ಸಿಟ್ಟೋ ಸಮಾಧಾನವೋ ನನಗಿನ್ನೂ ಗೊತ್ತಾಗಿಲ್ಲ. ನಿನ್ನೆ ಸಂಜೆ ಮಾವ ಎಲ್ಲರನ್ನೂ ಚಾವಡಿಗೆ ಕರೆದರು. ಹೆಬ್ಬೆಟ್ಟಿನ ಕಾಗದ ನನ್ನ ರವಿಕೆಯೊಳಗಿತ್ತು. ಮಾವ ಬಾಯಿ ತೆರೆಯುವ ಮೊದಲೇ ಅಮ್ಮ ಮಗುವನ್ನು ತಂದು ನನ್ನ ಮಡಿಲಲ್ಲಿ ಹಾಕಿ, "ಹೆಣ್ ತಾಯಿ ಸಂಗ್ತಿಗೆ ಹೋಯ್ಲಿ" ಎಂದಳು.

"ನೀನೇ ಅಲ್ದಾ ಬೇಡ ಅಂದದ್ದ್ ಕುಸುಮಾ?" ಎಂದರು ಮಾವ.

"ಅಂದಿದ್ದೆ. ಈಗ ನಾನೇ ಹೋಯ್ಲಿ ಅಂತೆ. ಎಂತಕೆ ಅಂದ್ ಕೇಣ್ಬೇಡಿ."

ಮಾವ ನನ್ನ ಮುಖ ನೋಡಿದರು. ಕಾಗದವನ್ನು ನಂಬುವವರು ಎಂದು ಬರೆದಿದ್ದೆನಲ್ಲ, ಕೇಳಿದ್ದರೆ ತೆಗೆದು ಕೊಡುತ್ತಿದ್ದೆನೋ ಏನೋ. ಅವರು ಕೇಳಲಿಲ್ಲ. ನಾನು ತೆಗೆಯಲೂ ಇಲ್ಲ.

ಹೋಗುವುದು ೨೪ಕ್ಕೆ. ಆದ್ದರಿಂದ ನಿಮ್ಮಲ್ಲಿ ಉಳಿದಿರುವ ನನ್ನ ಕೆಲಸ ಇಷ್ಟೇ. ತಕರಾರಿಲ್ಲದ ರಶೀದಿಗೆ ನಾನು ಸಹಿ ಹಾಕಿಲ್ಲ. ಅದಿಲ್ಲದೆ ನಿಮ್ಮ ಧಣಿಗಳ ನಿದ್ದೆ ಕೆಡುತ್ತದೆ ಎಂದು ನಾಲ್ಕು ಪತ್ರಗಳಿಂದ ನನಗೆ ಅರ್ಥವಾಗಿದೆ. ಪರ್ಮಿಟ್ಟು ಹೊಸದು ಮಾಡಿಸುವ ತಿಂಗಳು ಜೂನು ಎಂದೂ ಪೇಟೆಯಲ್ಲಿ ಕೇಳಿದ್ದೇನೆ. ಕಿಟ್ಟ ಕುಡಿದಿರಲಿಲ್ಲ, ಅದು ನಾನು ಹೇಳಿದ ಸುಳ್ಳು ಎಂದು ಬರೆದು, ನನ್ನ ಹೆಸರು ಹಾಕಿ, ಬೇರೆ ಕಾಗದವನ್ನು ಇದರ ಜತೆ ಇಟ್ಟಿದ್ದೇನೆ. ಧಣಿಗಳಿಗೆ ತೋರಿಸಿ. ಅವನನ್ನು ಕೆಲಸಕ್ಕೆ ತೆಗೆದುಕೊಳ್ಳಿ, ಏಪ್ರಿಲ್ ಎರಡರಿಂದ ನಿಂತ ಸಂಬಳವನ್ನೂ ಕೊಡಿ. ಕೊಟ್ಟದ್ದಕ್ಕೆ ಅವನದೇ ಸಹಿ ಇರುವ ಚೀಟಿಯನ್ನು ನನಗೆ ಕಳಿಸಿ. ಆ ಚೀಟಿ ಬಂದ ದಿನ ನಾನು ರಶೀದಿಗೆ ಸಹಿ ಮಾಡುತ್ತೇನೆ. ಅಲ್ಲಿಯವರೆಗೆ ನನಗೆ ತಕರಾರಿದೆ.

ದಾದರಿನ ವಿಳಾಸ ಜತೆಗಿರುವ ಚೀಟಿಯಲ್ಲಿದೆ. ಇನ್ನು ಮೇಲೆ ಉತ್ತರವನ್ನು ನನ್ನ ಹೆಸರಿಗೇ ಬರೆಯಿರಿ.

ಪ್ರಭಾವತಿ